ಸೂಜಿ ಹಾಕಿದ ಮೇಲೆ ದದ್ದು: ಗಾಬರಿ ಯಾವಾಗ, ಸುಮ್ಮನಿರುವುದು ಯಾವಾಗ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇರುವುದು ಮಕ್ಕಳ ಫ್ಲೂ ಲಸಿಕೆಯ ಬಗ್ಗೆ, ಅದರಲ್ಲೂ ಲಸಿಕೆ ಹಾಕಿಸಿದ ಮೇಲೆ ಚರ್ಮದಲ್ಲಿ ಏನೋ ಕಾಣಿಸಿಕೊಂಡಿದೆ ಎಂಬ ಚಿಂತೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಈ ಲಸಿಕೆ ಇಲ್ಲ, ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು. ಕೈಯಿಂದ ದುಡ್ಡು ಹಾಕಿ ಚುಚ್ಚಿಸಿಕೊಂಡು ಬಂದ ಮೇಲೆ ಮಗುವಿನ ಮೈ ಕೆಂಪಾದರೆ ಮನೆಯಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ ಅಂತ ಊಹಿಸಬಲ್ಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋಟೋ ಕಳಿಸುವವರು ದದ್ದು ಎಷ್ಟು ಕೆಂಪಾಗಿದೆ ಅಂತ ಚೆನ್ನಾಗಿ ತೋರಿಸುತ್ತೀರಿ. ಆದರೆ ನನಗೆ ಅದಕ್ಕಿಂತ ಮೊದಲು ಬೇಕಾದ್ದು ಗಡಿಯಾರದ ಲೆಕ್ಕ. ಸೂಜಿ ಎಷ್ಟು ಗಂಟೆಗೆ ಹಾಕಿದ್ದು, ದದ್ದು ಎಷ್ಟು ಗಂಟೆಗೆ ಕಂಡದ್ದು, ಅದರ ಜೊತೆಗೆ ಬೇರೆ ಏನಿತ್ತು. ಇಷ್ಟು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಪ್ರಶ್ನೆ: ನಮ್ಮ ಮಗಳಿಗೆ ಎರಡು ವರ್ಷ. ಬೆಳಗ್ಗೆ ಹತ್ತು ಗಂಟೆಗೆ ತೊಡೆಗೆ ಫ್ಲೂ ಲಸಿಕೆ ಹಾಕಿಸಿದೆವು, ಮೊದಲ ಡೋಸ್. ಮರುದಿನ ಎದ್ದು ನೋಡಿದರೆ ಸೂಜಿ ಹಾಕಿದ ಜಾಗ ಅಂಗೈಯಷ್ಟು ಅಗಲ ಕೆಂಪಾಗಿ ಬಿಸಿಯಾಗಿತ್ತು, ಮುಟ್ಟಿದರೆ ಗಟ್ಟಿ. ನಡೆಯುವಾಗ ಸ್ವಲ್ಪ ಕುಂಟುತ್ತಿದ್ದಾಳೆ. ಅತ್ತೆ ನೋಡಿ "ನಂಜಾಗಿದೆ" ಎಂದರು, ಮೀನು, ಬದನೆ, ಹಲಸು ಎಲ್ಲ ಬಂದ್ ಮಾಡಿಸಿದ್ದಾರೆ. ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಇದೆಯಂತೆ. ಹಾಕಿಸಬಹುದಾ ಡಾಕ್ಟ್ರೇ? ನನಗೆ ಧೈರ್ಯ ಬರುತ್ತಿಲ್ಲ.
- ಒಬ್ಬ ತಾಯಿ, ಬದಿಯಡ್ಕ

ಉತ್ತರ: ನಿಮ್ಮ ಪತ್ರದಲ್ಲಿ ಗಂಟೆ ಬರೆದಿದ್ದೀರಿ, ಅದಕ್ಕೆ ಥ್ಯಾಂಕ್ಸ್. ಒಂದು ದಿನದ ಒಳಗೆ ಶುರುವಾಗಿ, ಸೂಜಿ ಚುಚ್ಚಿದ ಜಾಗದಲ್ಲೇ ಇರುವ ಕೆಂಪು, ಬಿಸಿ, ಊತ, ನೋವು ಇವು ಲಸಿಕೆಗೆ ಮೈ ಕೊಡುವ ಮಾಮೂಲಿ ಪ್ರತಿಕ್ರಿಯೆ. ಒಳಗೆ ಹೋದದ್ದನ್ನು ಹೊರಗಿನದು ಅಂತ ಗುರುತಿಸಿದ ರಕ್ತಕಣಗಳು ಅಲ್ಲಿ ಸೇರುತ್ತವೆ, ರಕ್ತನಾಳ ಅಗಲವಾಗುತ್ತದೆ, ನೀರು ತುಂಬಿ ಗಟ್ಟಿಯಾಗುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅಂಗೈಯಷ್ಟು ಅಗಲ ಅನ್ನುವುದು ಸ್ವಲ್ಪ ದೊಡ್ಡದೇ, ಆದರೆ ಅದೂ ಅಲರ್ಜಿ ಅಲ್ಲ. ಎರಡನೇ ಡೋಸಿಗೆ ಇದು ಅಡ್ಡಿಯಲ್ಲ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ಎರಡು ಡೋಸ್ ಬೇಕು, ಒಂದರಲ್ಲೇ ನಿಲ್ಲಿಸಿದರೆ ರಕ್ಷಣೆ ಅರೆಬರೆ. ಮುಂದಿನ ವರ್ಷದಿಂದ ಒಂದೇ ಡೋಸ್ ಸಾಕು.

ಈಗ ಮನೆಯಲ್ಲಿ ಮಾಡಬೇಕಾದ್ದು. ಒಂದು ಬಾಲ್ ಪೆನ್ ತೆಗೆದುಕೊಂಡು ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸುತ್ತಲೂ ಗೆರೆ ಎಳೆಯಿರಿ. ಪಕ್ಕದಲ್ಲಿ ಗಂಟೆ ಬರೆಯಿರಿ, ತೊಡೆಯ ಮೇಲೆಯೇ, ಮಗಳು ನಗಬಹುದು ಪರವಾಗಿಲ್ಲ. ಸಂಜೆ ನೋಡಿ, ಮರುದಿನ ಬೆಳಗ್ಗೆ ನೋಡಿ. ಕೆಂಪು ಗೆರೆಯ ಒಳಗೇ ಇದ್ದರೆ ಅಥವಾ ಸಣ್ಣದಾಗುತ್ತಿದ್ದರೆ ಮುಗಿಯಿತು. ಎರಡು ದಿನ ಕಳೆದ ಮೇಲೆ ಗೆರೆ ದಾಟಿ ಹರಡುತ್ತಾ ಹೋದರೆ, ನೋವು ಹೆಚ್ಚಾದರೆ, ಕೀವು ಕಂಡರೆ, ಹೊಸದಾಗಿ ಜ್ವರ ಬಂದರೆ ಅದು ಸೋಂಕು ಇರಬಹುದು, ತೋರಿಸಲೇಬೇಕು. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ. ಐಸನ್ನು ನೇರ ಚರ್ಮಕ್ಕೆ ಇಡಬೇಡಿ. ಸುಣ್ಣ, ಅರಿಶಿನ, ಬಾಮ್ ಏನೂ ಬೇಡ, ತಿಕ್ಕುವುದಂತೂ ಬೇಡವೇ ಬೇಡ. ಕೆಂಪು ಹೋದ ಮೇಲೂ ಒಳಗೆ ಕಡಲೆಯಷ್ಟು ಗಂಟು ಕೆಲವು ವಾರ ಉಳಿಯಬಹುದು, ನೋವಿಲ್ಲದಿದ್ದರೆ ಅದರ ಪಾಡಿಗೆ ಬಿಡಿ.

ನಂಜಿನ ವಿಷಯ. ಅತ್ತೆಯವರ ಜೊತೆ ಜಗಳ ಮಾಡಬೇಡಿ, ಆದರೆ ಮೀನು ತಿಂದರೆ ಸೂಜಿಯ ಜಾಗ ಹಣ್ಣಾಗುವುದಿಲ್ಲ. ಎರಡು ವರ್ಷದ ಮಗುವಿಗೆ ಪಥ್ಯ ಅಂತ ಬರೀ ಗಂಜಿ ಉಪ್ಪು ಕೊಟ್ಟು ಕೂರಿಸುವುದು ಅನ್ಯಾಯ. ಹಲಸಿನ ಸೀಸನ್ನಿನಲ್ಲಿ ಹಲಸು ಕೊಡದೆ ಇರುವುದು ಇನ್ನೂ ದೊಡ್ಡ ಅನ್ಯಾಯ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಸೋಮವಾರ ಸಂಜೆ ಫ್ಲೂ ಲಸಿಕೆ ಆಯಿತು. ಏನೂ ತೊಂದರೆ ಇರಲಿಲ್ಲ. ಗುರುವಾರ ರಾತ್ರಿ ಊಟ ಮಾಡುವಾಗ ಹೊಟ್ಟೆ ಕೆರೆದುಕೊಳ್ಳಲು ಶುರು ಮಾಡಿದ. ಅಂಗಿ ಎತ್ತಿ ನೋಡಿದರೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬು ಉಬ್ಬು. ಅರ್ಧ ಗಂಟೆಯಲ್ಲಿ ಬೆನ್ನು, ತೊಡೆ ಎಲ್ಲ ಕಡೆ. ಬೆಳಗ್ಗೆ ಹೊಟ್ಟೆಯಲ್ಲಿ ಒಂದೂ ಇಲ್ಲ, ಕೈಯಲ್ಲಿ ಹೊಸದು. ನನ್ನ ಅಮ್ಮ ಪಿತ್ತ ಎಂದು ಪುನರ್ಪುಳಿ ನೀರು ಕುಡಿಸಿದರು, ಸಿಪ್ಪೆ ನೆನೆಸಿ ಮೈಗೂ ಹಚ್ಚಿದರು. ಉಸಿರಾಟ, ಆಟ, ಊಟ ಎಲ್ಲ ಸರಿ ಇದೆ. ಶೀತ ಇದ್ದದ್ದಕ್ಕೆ ಬುಧವಾರದಿಂದ ಮೆಡಿಕಲ್‌ನಿಂದ ತಂದ ಒಂದು ಆಂಟಿಬಯೋಟಿಕ್ ಸಿರಪ್ ಕೊಡುತ್ತಿದ್ದೇವೆ. ಇದು ಲಸಿಕೆಯ ಅಲರ್ಜಿ ಅಲ್ವಾ? ಇನ್ನು ಮುಂದೆ ಯಾವ ಲಸಿಕೆಯೂ ಬೇಡ ಅಂತ ಮನೆಯಲ್ಲಿ ತೀರ್ಮಾನ ಆಗಿದೆ.
- ಒಬ್ಬ ಅಪ್ಪ, ಕುಂಬಳೆ

ಉತ್ತರ: ನಿಮ್ಮ ಪತ್ರದ ಮುಖ್ಯ ಮಾತು ಕೊನೆಯಲ್ಲಿ ಸುಮ್ನೆ ಬಂದು ಹೋಗಿದೆ. ಬುಧವಾರ ಸಿರಪ್, ಗುರುವಾರ ದದ್ದು. ಮನೆಯವರೆಲ್ಲ ಸೋಮವಾರದ ಸೂಜಿಯನ್ನು ಹಿಡಿದುಕೊಂಡಿದ್ದೀರಿ, ಬುಧವಾರದ ಬಾಟಲಿಯನ್ನು ಯಾರೂ ನೋಡಲಿಲ್ಲ.

ಉಬ್ಬಿಕೊಂಡು, ತುರಿಸಿ, ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಏಳುವ ಈ ದದ್ದಿಗೆ ಡಾಕ್ಟರುಗಳು ಅರ್ಟಿಕೇರಿಯಾ ಅನ್ನುತ್ತಾರೆ, ನಮ್ಮ ಕಡೆ ಪಿತ್ತ ಎದ್ದಿದೆ ಅನ್ನುತ್ತೇವೆ. ಚರ್ಮದ ಅಡಿಯ ಕೆಲವು ಕಣಗಳು ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ, ಸಣ್ಣ ರಕ್ತನಾಳಗಳಿಂದ ನೀರು ಸೋರಿ ಚರ್ಮ ಉಬ್ಬುತ್ತದೆ. ಒಂದೊಂದು ಉಬ್ಬೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೂ ಇಲ್ಲದೆ ಹೋಗುತ್ತದೆ, ಹೊಸದು ಬರುತ್ತಾ ಇರುತ್ತದೆ. ಮಕ್ಕಳಲ್ಲಿ ಹೀಗಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಶೀತ, ಗಂಟಲುನೋವು ತರುವ ಮಾಮೂಲಿ ವೈರಸ್. ಆಮೇಲೆ ಮದ್ದುಗಳು, ಅದರಲ್ಲಿ ಆಂಟಿಬಯೋಟಿಕ್‌ಗಳು. ನಿಮ್ಮ ಮಗನಿಗೆ ಎರಡೂ ಇದ್ದವು.

ಲಸಿಕೆಯ ನಿಜವಾದ ಅಲರ್ಜಿಗೆ ಇಷ್ಟೊಂದು ತಾಳ್ಮೆ ಇರುವುದಿಲ್ಲ. ಅದು ನಿಮಿಷಗಳಲ್ಲಿ ಬರುತ್ತದೆ, ತಡವಾದರೆ ಕೆಲವೇ ಗಂಟೆಗಳಲ್ಲಿ. ಮೂರು ದಿನ ಕಾದು, ಗುರುವಾರ ಊಟದ ಹೊತ್ತಿಗೆ ಬರುವುದಲ್ಲ. ಲಸಿಕೆಯಾಗಿ ಕೆಲವು ದಿನದ ಮೇಲೆ ಹೀಗೆ ದದ್ದು ಬರುವುದು ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಬಂದರೂ ಅದು ಅಪಾಯದ ಬಗೆಯದ್ದಲ್ಲ, ಮುಂದಿನ ಲಸಿಕೆಗಳಿಗೆ ಬಾಗಿಲು ಹಾಕಬೇಕಾಗಿಲ್ಲ.

ಮಾಡಬೇಕಾದ್ದು ಇಷ್ಟು. ಆ ಆಂಟಿಬಯೋಟಿಕ್ ಈಗಲೇ ನಿಲ್ಲಿಸಿ, ಬಾಟಲಿ ಬಿಸಾಡಬೇಡಿ, ಮಗನನ್ನೂ ಬಾಟಲಿಯನ್ನೂ ಡಾಕ್ಟರಿಗೆ ತೋರಿಸಿ. ಶೀತಕ್ಕೆ ಅದು ಬೇಕಾಗಿರಲೂ ಇಲ್ಲ, ಮೆಡಿಕಲ್‌ನವರು ಕೊಟ್ಟರು ಅಂತ ಆಂಟಿಬಯೋಟಿಕ್ ಕುಡಿಸುವ ಅಭ್ಯಾಸ ನಮ್ಮಲ್ಲಿ ವಿಪರೀತವಾಗಿದೆ. ತುರಿಕೆಗೆ ಸೆಟಿರಿಜಿನ್ ಸಿರಪ್ ಸಾಕಾಗುತ್ತದೆ, ಎಷ್ಟು ಅಂತ ಮಗನ ತೂಕ ನೋಡಿ ಡಾಕ್ಟರು ಬರೆಯಲಿ. ಬೇಗ ಇಳಿಯಲಿ ಅಂತ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಬಿಸಿನೀರು ಸ್ನಾನ, ಬಿಗಿಯಾದ ಬಟ್ಟೆ ದದ್ದನ್ನು ಕೆರಳಿಸುತ್ತದೆ, ಹತ್ತಿಯ ಸಡಿಲ ಅಂಗಿ ಹಾಕಿ. ದದ್ದಿನ ಜೊತೆ ಜ್ವರ ಬಂದು, ಕೈಕಾಲಿನ ಕೀಲುಗಳು ಊದಿ ಮಗು ನಡೆಯಲು ಅತ್ತರೆ ಕಾಯದೆ ಕರೆದುಕೊಂಡು ಹೋಗಿ.

ಪುನರ್ಪುಳಿ ಕುಡಿಯಲಿ, ಏನೂ ತಪ್ಪಿಲ್ಲ, ಸೆಕೆಗೆ ಒಳ್ಳೆಯದು, ನನಗೂ ಇಷ್ಟ. ಆದರೆ ಕೆರೆದು ಕೆರೆದು ಹುಣ್ಣಾದ ಚರ್ಮಕ್ಕೆ ಹುಳಿ ಹಚ್ಚಿದರೆ ಉರಿಯುವುದು ಮಗನಿಗೆ, ಅಮ್ಮನಿಗಲ್ಲ. ಮತ್ತೊಂದು, ಪುನರ್ಪುಳಿ ಹಚ್ಚಿದ ಮೇಲೆ ಇಳಿಯಿತು ಎಂದು ಅನಿಸುವುದು ಸಹಜ. ಹಚ್ಚದಿದ್ದರೂ ಆ ಉಬ್ಬು ಬೆಳಗ್ಗೆ ಹೊತ್ತಿಗೆ ಇರುತ್ತಿರಲಿಲ್ಲ.

ನಮ್ಮ ಊರಿಗೆ ಸೇರಿದ ಇನ್ನೆರಡು ಸಂಗತಿ, ಕುಂಬಳೆಯವರಿಗೆ ಮಾತ್ರ ಅಲ್ಲ ಎಲ್ಲರಿಗೂ. ಮಳೆಗಾಲದಲ್ಲಿ ಒಣಗಲು ಹಾಕಿದ ಬಟ್ಟೆಗೆ ಕಂಬಳಿಹುಳದ ರೋಮ ಅಂಟಿಕೊಂಡಿದ್ದರೆ ಆ ಅಂಗಿ ಹಾಕಿದ ಮಗುವಿಗೆ ಕುತ್ತಿಗೆ, ಸೊಂಟದ ಸುತ್ತ ಹೀಗೇ ಏಳುತ್ತದೆ. ಚೇರೆ ಮರದ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ನೀರುಗುಳ್ಳೆ ಬರುತ್ತದೆ, ಅದೂ ತಾಗಿ ಒಂದೆರಡು ದಿನದ ಮೇಲೆ. ಲಸಿಕೆಯಾದ ವಾರದಲ್ಲಿ ಮಗು ತೋಟಕ್ಕೆ ಹೋಗಿತ್ತಾ ಅಂತ ಒಮ್ಮೆ ಕೇಳಿಕೊಳ್ಳಿ.

ಪ್ರಶ್ನೆ: ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ತಯಾರಿಸುತ್ತಾರಂತೆ. ನಾವು ಮೊಟ್ಟೆ ತಿನ್ನುವವರಲ್ಲ. ಮಗು ಹುಟ್ಟಿದ ಮೇಲೆ ಮೊಟ್ಟೆ ಮುಟ್ಟಿಲ್ಲ, ಹಾಗಿರುವಾಗ ಅವಳಿಗೆ ಅಲರ್ಜಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೊದಲು ಟೆಸ್ಟ್ ಮಾಡಿಸಬೇಕಾ?
- ಪೆರ್ಲ

ಉತ್ತರ: ಬೇಡ. ನಿಜ, ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಬೆಳೆಸುವುದು ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ, ಆಮೇಲೆ ಅದನ್ನು ಕೊಂದು ಶುದ್ಧ ಮಾಡುತ್ತಾರೆ. ಕೊನೆಗೆ ಒಂದು ಡೋಸಿನಲ್ಲಿ ಉಳಿಯುವ ಮೊಟ್ಟೆಯ ಪ್ರೋಟೀನ್ ಸಾಮಾನ್ಯವಾಗಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲೂ ಇಲ್ಲ. ಒಂದು ಇಡೀ ಮೊಟ್ಟೆಯಲ್ಲಿ ಪ್ರೋಟೀನ್ ಸುಮಾರು 6 ಗ್ರಾಂ. ಮೊಟ್ಟೆ ತಿಂದರೆ ಮೈಯೆಲ್ಲ ಏಳುವ ಮಕ್ಕಳಿಗೂ ಈ ಲಸಿಕೆ ಹಾಕಿ ನೋಡಿ, ತೊಂದರೆಯಾಗುವುದಿಲ್ಲ ಎಂದು ಖಚಿತವಾದ ಮೇಲೆಯೇ ಹಳೆಯ ನಿರ್ಬಂಧಗಳನ್ನು ಸಡಿಲಿಸಿದ್ದು. ಅಮೆರಿಕದಲ್ಲಂತೂ 2023ರಿಂದ ಮೊಟ್ಟೆ ಅಲರ್ಜಿ ಇರುವವರಿಗೆ ಬೇರೆ ಎಚ್ಚರಿಕೆಯೇ ಬೇಡ, ಎಲ್ಲರಿಗೂ ಇರುವಷ್ಟೇ ಸಾಕು ಎನ್ನುತ್ತಾರೆ. ಮೊಟ್ಟೆಯಿಂದ ಉಸಿರುಕಟ್ಟುವಷ್ಟು ತೊಂದರೆ ಆದ ಮಗುವಾದರೆ ಮಾತ್ರ ಆಸ್ಪತ್ರೆಯಲ್ಲಿ ಹಾಕಿಸಿ ಎಂದು ನಾನು ಹೇಳುತ್ತೇನೆ, ಅದು ಮನೆಯವರ ಸಮಾಧಾನಕ್ಕೂ ಒಳ್ಳೆಯದು.

ಲಸಿಕೆ ಬೇಡ ಎನ್ನಲು ಗಟ್ಟಿ ಕಾರಣ ಒಂದೇ, ಹಿಂದೆ ಇದೇ ಫ್ಲೂ ಲಸಿಕೆಯಿಂದ ಅಥವಾ ಅದರಲ್ಲಿರುವ ಬೇರೆ ವಸ್ತುವಿನಿಂದ ತೀವ್ರ ಅಲರ್ಜಿ ಆಗಿರುವುದು. ಇನ್ನು ಮೊಟ್ಟೆಯ ಸಂಪರ್ಕ ಇರುವುದರಿಂದ ಹಾಕಿಸುವುದೋ ಬೇಡವೋ ಎಂಬುದು ಆಚಾರದ ಪ್ರಶ್ನೆಯಾದರೆ ಅದು ನಿಮ್ಮ ಮನೆಗೆ ಬಿಟ್ಟದ್ದು, ಅದರಲ್ಲಿ ಡಾಕ್ಟರು ಬಾಯಿ ಹಾಕಬಾರದು.

ಪ್ರಶ್ನೆ: ಮಗನಿಗೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಇಸುಬು ಇದೆ. ಲಸಿಕೆ ಹಾಕಿದರೆ ಜಾಸ್ತಿ ಆಗುತ್ತದಾ?
- ಮುಳ್ಳೇರಿಯ

ಉತ್ತರ: ಕೆಲವರಿಗೆ ಒಂದೆರಡು ದಿನ ಸ್ವಲ್ಪ ಕೆರಳಬಹುದು, ಹೆಚ್ಚಿನವರಿಗೆ ಏನೂ ಇಲ್ಲ. ಹಾಕಿಸಿ. ಇಸುಬು ಇಲ್ಲದ ಜಾಗ ನೋಡಿ ಚುಚ್ಚಲು ಹೇಳಿ. ಮುಲಾಮು ಎಂದಿನಂತೆ ಮುಂದುವರಿಸಿ. ಇಸುಬಿನ ಜೊತೆ ದಮ್ಮು ಕೂಡ ಇದ್ದರೆ ಈ ಲಸಿಕೆ ಅವನಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಬೇಕು.

ಪ್ರಶ್ನೆ: ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಕೂರಲು ಹೇಳುತ್ತಾರೆ. ನಮಗೆ ಬಸ್ಸಿನ ಹೊತ್ತು ನೋಡಬೇಕು. ಕೂರಲೇಬೇಕಾ? ದಾರಿಯಲ್ಲಿ ಏನಾದರೂ ಆದರೆ ಮಂಗಳೂರಿಗೆ ಹೋಗಬೇಕಾ?
- ಉಪ್ಪಳ

ಉತ್ತರ: ಕೂರಲೇಬೇಕು. ಮೇಲೆ ಹೇಳಿದ ನಿಮಿಷಗಳಲ್ಲಿ ಬರುವ ಅಲರ್ಜಿ, ಅನಾಫಿಲ್ಯಾಕ್ಸಿಸ್ ಅನ್ನುತ್ತಾರೆ, ಅದಕ್ಕಾಗಿಯೇ ಆ ಅರ್ಧ ಗಂಟೆ. ತೀರಾ ಅಪರೂಪ, ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು. ಆದರೆ ಹಾಗೇನಾದರೂ ಆದರೆ ಕ್ಲಿನಿಕ್‌ನಲ್ಲೇ ಆಗಬೇಕು, ಬಸ್ಸಿನಲ್ಲಿ ಅಲ್ಲ.

ಬರೀ ದದ್ದು ಇದ್ದರೆ ಒಂದು ಲೆಕ್ಕ. ದದ್ದಿನ ಜೊತೆ ತುಟಿ, ನಾಲಿಗೆ ಊದುವುದು, ಸ್ವರ ಕಟ್ಟುವುದು, ಕೆಮ್ಮು, ಸುಂಯ್ ಎನ್ನುವ ಉಸಿರು, ಮತ್ತೆ ಮತ್ತೆ ವಾಂತಿ, ಮಗು ಬಿಳಿಚಿ ಜೋತುಬೀಳುವುದು, ಇವುಗಳಲ್ಲಿ ಒಂದು ಕಂಡರೂ ಲೆಕ್ಕ ಬೇರೆ. ಆಗ ಮದ್ದು ಒಂದೇ, ತೊಡೆಯ ಸ್ನಾಯುವಿಗೆ ಅಡ್ರಿನಾಲಿನ್. ಹತ್ತು ಕಿಲೋ ಮಗುವಿಗೆ ಬೇಕಾದ್ದು 0.1 ಮಿಲಿ ಅಷ್ಟೇ, ಆದರೆ ಆ ಒಂದು ಹನಿ ಕೂಡಲೇ ಬೇಕು. ಅಲರ್ಜಿಯ ಸಿರಪ್ ಆ ಕೆಲಸ ಮಾಡುವುದಿಲ್ಲ. ಲಸಿಕೆ ಹಾಕಿಸುವ ಮೊದಲು "ಅಡ್ರಿನಾಲಿನ್ ಇದೆಯಾ?" ಎಂದು ಕೇಳಿ. ನಾಚಿಕೆ ಯಾಕೆ ಮಾರಾಯ್ರೇ, ಒಳ್ಳೆಯ ಕ್ಲಿನಿಕ್‌ನವರು ಖುಷಿಯಿಂದ ತೋರಿಸುತ್ತಾರೆ.

ಹೊರಟ ಮೇಲೆ ಆದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ನಿಮಗೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ ಹತ್ತಿರ, ಆಚೆ ಕಡೆಯವರಿಗೆ ಕಾಸರಗೋಡಿನ ಜನರಲ್ ಆಸ್ಪತ್ರೆ. ನಮಗೆ ಏನಾದರೂ ಸರಿ ಮಂಗಳೂರು ಎಂಬ ಅಭ್ಯಾಸ ಬಿದ್ದಿದೆ. 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಅದು ಎಷ್ಟು ಕಷ್ಟಕ್ಕೆ ಸಿಕ್ಕಿಸಿತು ಅಂತ ಎಲ್ಲರಿಗೂ ನೆನಪಿದೆ. ಬೇರೆ ಕಾಯಿಲೆಗೆ ಮಂಗಳೂರು ಇರಲಿ, ಇದಕ್ಕೆ ಬೇಡ. ಅಡ್ರಿನಾಲಿನ್‌ನ ಮೊದಲ ಸೂಜಿ ಎಲ್ಲಿ ಬೇಗ ಸಿಗುತ್ತದೋ ಅಲ್ಲಿ. ದಾರಿಯಲ್ಲಿ ಮಗುವನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ, ಉಸಿರಿಗೆ ಕಷ್ಟ ಪಡುತ್ತಿದ್ದರೆ ಕೂರಿಸಿಕೊಳ್ಳಿ. ಎತ್ತಿ ಭುಜಕ್ಕೆ ಹಾಕಿಕೊಂಡು ಓಡಬೇಡಿ.

ಪ್ರಶ್ನೆ: ನಮ್ಮ ಊರಿನಲ್ಲಿ ಗೇರು ತೋಟಕ್ಕೆ ಮೇಲಿನಿಂದ ಮದ್ದು ಹೊಡೆಯುವಾಗಲೂ "ಇದರಿಂದ ಏನೂ ಆಗುವುದಿಲ್ಲ" ಎಂದೇ ಹೇಳಿದ್ದರು. ಆಮೇಲೆ ಆದದ್ದು ಲೋಕಕ್ಕೇ ಗೊತ್ತು. ಈಗ ಲಸಿಕೆಗೂ ಅದೇ ಮಾತು. ನಾವು ನಂಬುವುದು ಹೇಗೆ?
- ಎಣ್ಮಕಜೆ

ಉತ್ತರ: ಈ ಪ್ರಶ್ನೆಯನ್ನು ಎಣ್ಮಕಜೆಯವರು ಕೇಳಿದರೆ "ಮೂಢನಂಬಿಕೆ" ಅಂತ ತಳ್ಳಿಹಾಕುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆಯಂಥ ಊರುಗಳಲ್ಲಿ ಮಕ್ಕಳಿಗೆ ಏನಾಯಿತು ಅಂತ ಊರಿನವರೇ ಕೂಗಿ ಹೇಳಬೇಕಾಯಿತು. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ಮದ್ದನ್ನೇ ತಡೆದದ್ದು 2011ರಲ್ಲಿ, ತಲಾ ಐದು ಲಕ್ಷ ಪರಿಹಾರ ಕೊಡಿ ಎಂದದ್ದು 2017ರಲ್ಲಿ. ಹೊಡೆಯುತ್ತಿದ್ದ ಅಷ್ಟೂ ವರ್ಷ ನಿಮ್ಮನ್ನು ಯಾರೂ ಕೇಳಲಿಲ್ಲ, ಆದದ್ದನ್ನು ಯಾರೂ ಬರೆದಿಡಲಿಲ್ಲ.

ಹಾಗಾಗಿ ನಾನು "ಏನೂ ಆಗುವುದಿಲ್ಲ" ಎನ್ನುವುದಿಲ್ಲ. ಆಗುತ್ತದೆ. ಕೈ ಊದುತ್ತದೆ, ಒಂದೆರಡು ದಿನ ಜ್ವರ ಬರುತ್ತದೆ, ಅಪರೂಪಕ್ಕೆ ಅಲರ್ಜಿ ಆಗುತ್ತದೆ. ವ್ಯತ್ಯಾಸ ಇರುವುದು ಆದದ್ದನ್ನು ಲೆಕ್ಕ ಇಡುವುದರಲ್ಲಿ. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಕಂಪೆನಿಯ ಫ್ಲೂ ಲಸಿಕೆ ಹಾಕಿಸಿಕೊಂಡ ಸಣ್ಣ ಮಕ್ಕಳಲ್ಲಿ ಜ್ವರದ ಫಿಟ್ಸ್ ಜಾಸ್ತಿ ಕಾಣಿಸಿತು. ಸೀಸನ್ ಮುಗಿಯಲು ಕಾಯಲಿಲ್ಲ, ಏಪ್ರಿಲ್‌ನಲ್ಲೇ ಐದು ವರ್ಷದೊಳಗಿನವರಿಗೆ ಫ್ಲೂ ಲಸಿಕೆ ಹಾಕುವುದನ್ನು ನಿಲ್ಲಿಸಿದರು, ತಪ್ಪು ಯಾವ ಕಂಪೆನಿಯದ್ದು ಎಂದು ಹುಡುಕಿದರು, ಉಳಿದವು ಮುಂದುವರಿದವು. ತೊಂದರೆಯೇ ಇಲ್ಲ ಎಂಬ ಮಾತಿಗಿಂತ ನನಗೆ ಇಂಥ ಸಂಗತಿಯಲ್ಲಿ ಹೆಚ್ಚು ನಂಬಿಕೆ.

ಲೆಕ್ಕ ಇಡುವ ಕೆಲಸದಲ್ಲಿ ನೀವೂ ಪಾಲು ತೆಗೆದುಕೊಳ್ಳಿ. ಲಸಿಕೆಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇವನ್ನು ಮಗುವಿನ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಅಥವಾ ಡಬ್ಬದ ಫೋಟೋ ತೆಗೆದಿಡಿ. ಏನಾದರೂ ಹೆಚ್ಚುಕಡಿಮೆ ಆದರೆ ಡಾಕ್ಟರು ಅದನ್ನು ಜಿಲ್ಲಾ ಆರೋಗ್ಯ ಇಲಾಖೆಗೆ ವರದಿ ಮಾಡಬೇಕು, ಮಾಡಿದಿರಾ ಎಂದು ಕೇಳಿ. ನೀವೇ ನೇರ ತಿಳಿಸಬೇಕೆಂದರೆ ಮದ್ದಿನ ಅಡ್ಡಪರಿಣಾಮಗಳಿಗೆ ಇರುವ ಉಚಿತ ಫೋನ್ 1800-180-3024. ಕೊಟ್ಟ ಕಾಗದ ಮಲಯಾಳದಲ್ಲಿ ಮಾತ್ರ ಇದ್ದು ನಿಮಗೆ ಓದಲು ಬಾರದಿದ್ದರೆ ಸಹಿ ಹಾಕುವ ಮೊದಲು ಪೂರ್ತಿ ಓದಿಸಿ ಹೇಳಿಸಿಕೊಳ್ಳಿ. ಆಮೇಲೆ ಬೇಕೋ ಬೇಡವೋ ನೀವೇ ಹೇಳಿ.

ಪ್ರಶ್ನೆ: ಕೆಂಪು ಚುಕ್ಕೆ ಯಾವುದು ಅಪಾಯ, ಯಾವುದು ಅಲ್ಲ, ಮನೆಯಲ್ಲೇ ನೋಡುವ ದಾರಿ ಇದೆಯಾ?
- ಮಂಜೇಶ್ವರ

ಉತ್ತರ: ಒಂದು ಸುಲಭದ ದಾರಿ ಇದೆ. ಬಣ್ಣವಿಲ್ಲದ ಗಾಜಿನ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಿ. ಒತ್ತಿದಾಗ ಕೆಂಪು ಮಾಯವಾದರೆ ಸಾಮಾನ್ಯವಾಗಿ ಸಮಾಧಾನ. ಒತ್ತಿದರೂ ಚುಕ್ಕೆ ಹಾಗೇ ಕೆಂಪಾಗಿ, ನೇರಳೆಯಾಗಿ ಉಳಿದರೆ ಅದು ಚರ್ಮದ ಒಳಗೆ ರಕ್ತ ಒಸರಿದ್ದು. ಅದು ಲಸಿಕೆಯಿಂದಲೋ, ಡೆಂಗಿಯಿಂದಲೋ, ಬೇರೆ ಯಾವುದರಿಂದಲೋ ಅಂತ ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರಬೇಡಿ, ಅದೇ ದಿನ ತೋರಿಸಿ. ಜ್ವರವೂ ಇದ್ದರೆ ರಾತ್ರಿಯಾದರೂ ಸರಿ.

ಪ್ರಶ್ನೆ: ಲಸಿಕೆ ಹಾಕಿದ ದಿನ ಎಣ್ಣೆ ಹಚ್ಚಿ ಮೀಯಿಸಬಹುದಾ? ಜ್ವರ ಬರುವ ಮೊದಲೇ ಮದ್ದು ಕೊಟ್ಟರೆ ಒಳ್ಳೆಯದಾ?
- ಹೊಸಂಗಡಿ

ಉತ್ತರ: ಮೀಯಿಸಿ. ಎಣ್ಣೆ ಹಚ್ಚುವಾಗ ಸೂಜಿಯ ಜಾಗ ಮಾತ್ರ ಬಿಟ್ಟುಬಿಡಿ, ಉಜ್ಜುವುದರಿಂದ ಊತ ಜಾಸ್ತಿಯಾಗುತ್ತದೆ. ಮುಂಚಿತವಾಗಿ ಮದ್ದು ಬೇಡ. ಜ್ವರ ಬಂದು ಮಗು ಕಿರಿಕಿರಿ ಮಾಡಿದರೆ ಪ್ಯಾರಾಸಿಟಮಾಲ್ ಕೊಡಿ, ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಆರು ಗಂಟೆಗೊಮ್ಮೆಗಿಂತ ಹೆಚ್ಚು ಬೇಡ. ಬಾಟಲಿಯ ಮೇಲೆ ಏನು ಬರೆದಿದೆ ಅಂತ ಓದಿ. ಐದು ಮಿಲಿಯಲ್ಲಿ 120 ಇರುವ ಸಿರಪ್ ಇದೆ, 250 ಇರುವುದೂ ಇದೆ, ಹನಿ ಹಾಕುವ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100. ದೊಡ್ಡ ಮಗುವಿನ ಬಾಟಲಿಯಿಂದ ಸಣ್ಣದಕ್ಕೆ ಅಂದಾಜಿನಲ್ಲಿ ಒಂದು ಚಮಚ ಕೊಡುವುದು ದದ್ದಿಗಿಂತ ದೊಡ್ಡ ಅಪಾಯ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಜ್ವರಕ್ಕೆ ಕೊಡಲೇಬೇಡಿ.